ಬೇಡ ಎನ್ನಲು ಬಾರದ ಗುರುತು

ಹೆಲ್ಲಂಡ್ ಮನೆ, ಬ್ಯೋಮ್ಲು ದ್ವೀಪ
೧೬ ಅಕ್ಟೋಬರ್ ೧೯೯೪, ಭಾನುವಾರ ಸಂಜೆ

ಮಗನೇ ಯೋಸ್ತೈನ್,

ಹೇಗಿದ್ದೀಯ? ಎಂಜಿನ್ ಕೋಣೆಯ ಕಾವಿಗೆ ಮೈಯೆಲ್ಲ ಗುಳ್ಳೆ ಎದ್ದಿದೆ ಎಂದಿದ್ದೆಯಲ್ಲ, ಇಳಿಯಿತೋ? ಹಡಗಿನ ಅಡುಗೆಯವನು ಈಗಲೂ ಎಲ್ಲದಕ್ಕೂ ಖಾರದಪುಡಿ ಸುರಿಯುತ್ತಾನೋ? ಹೊಟ್ಟೆ ಜೋಪಾನ. ನನ್ನ ಮಂಡಿ ಹಾಗೇ ಇದೆ, ಹತ್ತುವಾಗ ಬೈಯುತ್ತದೆ, ಇಳಿಯುವಾಗ ಅಳುತ್ತದೆ. ಕುರಿಗಳೆಲ್ಲ ಗುಡ್ಡದಿಂದ ಇಳಿದು ಬಂದವು, ಒಂದೂ ಕಳೆದಿಲ್ಲ. ನಿನ್ನೆ ಈ ವರ್ಷದ ಮೊದಲ ಎಲೆಕೋಸು-ಕುರಿಮಾಂಸದ ಊಟ. ಬೇಯಿಸಿದ್ದು ತೋರುನ್. ನಿನ್ನ ಹೆಂಡತಿ ಕಾಳುಮೆಣಸನ್ನು ಜಜ್ಜದೆ ಇಡಿಯಾಗಿ ಹಾಕುತ್ತಾಳೆ, ಅದೇ ಸರಿ. ಒಳ್ಳೆಯ ಸುದ್ದಿ ಇಲ್ಲಿಗೆ ಮುಗಿಯಿತು. ಮುಂದೆ ಬರೆಯುವುದೆಲ್ಲ ಹೇಸಿಗೆ, ಊಟ ಮಾಡುತ್ತ ಓದಬೇಡ. ತೋರುನ್ ಈ ಮನೆಯಲ್ಲಿ ಉಳಿಯುತ್ತಾಳೋ ಇಲ್ಲವೋ ಎನ್ನುವ ಮಾತು ಇದು. ಕೂತು ಓದು.

ನಿನ್ನಮ್ಮನ ರೂನ್ ಹುಚ್ಚು, ಆ ಹಳೆಯ ಅಕ್ಷರ ಎತ್ತಿ ಶಕುನ ನೋಡುವುದು, ನಿನಗೆ ಗೊತ್ತಲ್ಲ. ಅವಳ ತಂಗಿ ತೀರಿಕೊಂಡ ಚಳಿಗಾಲದಲ್ಲಿ ಬರ್ಗೆನ್‌ಗೆ ಹೋಗಿ ಕಲಿತು ಬಂದಳು. ಆಗ ಅಂಗಡಿಯಿಂದ ತಂದ ಮಣ್ಣಿನ ಬಿಲ್ಲೆಗಳಿದ್ದವು. ಬೆಳಗ್ಗೆ ಕಾಫಿಗೆ ಮೊದಲು ಚೀಲಕ್ಕೆ ಕೈ ಹಾಕುವುದು, ಒಂದು ಬಿಲ್ಲೆ ತೆಗೆಯುವುದು, ಮೇಲಿನ ಹಳೆಯ ಅಕ್ಷರವನ್ನು ದಿಟ್ಟಿಸುವುದು, ‘ಇವತ್ತು ನಿಮಗೆ ಪ್ರಯಾಣ ಇದೆ ಕಣ್ರೀ’ ಎನ್ನುವುದು. ನಾನು ಕೊಟ್ಟಿಗೆಗೆ ಹೋಗಿ ಬರುತ್ತಿದ್ದೆ. ಪ್ರಯಾಣ ಆಯಿತಲ್ಲ! ತಂಗಿಯೊಡನೆ ದಿನಾ ಫೋನಿನಲ್ಲಿ ಹರಟುತ್ತಿದ್ದ ಹೊತ್ತು ಹಾಗೆ ತುಂಬಿತು, ಪಾಪ, ತುಂಬಲಿ ಎಂದು ನಾನೂ ಸುಮ್ಮನಿದ್ದೆ. ಈ ವಸಂತದಲ್ಲಿ ಅಂಗಡಿಯ ಮಾಲು ಸಾಲದಾಯಿತು. ಸ್ವಂತದ್ದು ಬೇಕು, ಹಣ್ಣು ಬಿಡುವ ಮರದ್ದೇ ಬೇಕು ಎಂದು ಹಿತ್ತಲಿನ ಸೇಬಿನ ಕೊಂಬೆ ಕಡಿಸಿದಳು. ಕೆತ್ತನೆ ಚೆನ್ನಾಗಿಯೇ ಇದೆ, ಅವಳ ಕೈಯಲ್ಲಿ ಕಲೆ ಇದೆ, ಇಲ್ಲ ಎನ್ನಲಾರೆ. ಆದರೆ ಕೆತ್ತಿದವರ ರಕ್ತ ಹಚ್ಚಿ ಕೆಂಪಾಗಿಸದೆ ಗುರುತು ಬಾಯಿ ಬಿಡುವುದಿಲ್ಲವಂತೆ. ಹಚ್ಚಿದ್ದು ಎಲ್ಲಿ ಗೊತ್ತೇ? ಅಡುಗೆಮನೆಯಲ್ಲಿ, ಬ್ರೆಡ್ಡು ಕೊಯ್ಯುವ ಮಣೆಯ ಮೇಲೆ. ನಾನು ಬ್ರೆಡ್ಡಿಗೆ ಕಂದು ಚೀಸು ಇಟ್ಟು ಬಾಯಿಗೆ ಹಾಕಿಕೊಂಡ ಮೇಲೆ ಮಣೆಯ ಆ ರಕ್ತದ ಕಲೆ ಕಂಡಿತು. ‘ಜ್ಯಾಮ್ ಅಂದ್ಕೊಳ್ಳಿ’ ಎಂದಳು ಮಹಾರಾಯಿತಿ. ಥೂ! ಅಂದಿನಿಂದ ನನ್ನ ಬ್ರೆಡ್ಡನ್ನು ತಟ್ಟೆಯ ಮೇಲೇ ಕೊಯ್ದುಕೊಳ್ಳುತ್ತೇನೆ.

ರಕ್ತವನ್ನೂ ಸಹಿಸಿಕೊಂಡೆ. ಸಹಿಸಲಾಗದ್ದು ಆ ಇಂಗ್ ಎನ್ನುವ ಗುರುತು. ಇಸ್ಪೀಟಿನ ಡೈಮಂಡ್ ಎಲೆಯಲ್ಲಿರುತ್ತದಲ್ಲ, ಅದೇ ಆಕಾರ, ನಡುವೆ ಖಾಲಿ. ಬೆಳೆ, ಬಸಿರು ಕೊಡುವ ಹಳೆಯ ದೇವರದ್ದಂತೆ. ಆಗಸ್ಟಿನಲ್ಲಿ ನಿನ್ನಮ್ಮ ‘ನಮ್ಮ ಮನೆಗೆ ಮಗು ಯಾವಾಗ’ ಎಂದು ಕೇಳಿ ಚೀಲಕ್ಕೆ ಕೈ ಹಾಕಿದಳು, ಅದು ಬಂತು. ಮತ್ತೆ ಕೇಳಿದಳು, ಮತ್ತೆ ಅದೇ. ಮರವನ್ನು ಸವರಿದರೆ ಸಾಕು, ಬೆರಳಿಗೆ ಗುರುತು ಸಿಗುತ್ತದೆ, ಚೀಲದೊಳಗೆ ಬೇಕಾದ್ದನ್ನೇ ಹಿಡಿಯುತ್ತೀಯ ಎಂದೆ. ‘ನಿಮಗೆ ನಂಬಿಕೆ ಇಲ್ದಿದ್ರೆ ಬಾಯಾದ್ರೂ ಮುಚ್ಕೊಂಡಿರಿ’ ಎಂದಳು. ಅವಳೇ ವಿವರಿಸಿದಳು: ಬರ್ಚ್ ಮರದ ಗುರುತೂ ಬಸಿರಿನದ್ದೇ, ಆದರೆ ಅದು ತಲೆಕೆಳಗಾಗಿ ಬಂದರೆ ಅಪಶಕುನ, ಸದ್ಯಕ್ಕೆ ಇಲ್ಲ ಎಂದರ್ಥ. ಇಂಗ್‌ಗೆ ತಲೆಕೆಳಗು ಎನ್ನುವುದೇ ಇಲ್ಲ, ಹೇಗೆ ತಿರುಗಿಸಿದರೂ ಒಂದೇ. ಅದಕ್ಕೇ ಅದು ಖಚಿತವಂತೆ! ಯುರೋಪಿನ ಒಕ್ಕೂಟ ಸೇರಬೇಕೋ ಬೇಡವೋ ಎನ್ನುವ ಮತದಾನ ಮುಂದಿನ ತಿಂಗಳು. ಈ ದ್ವೀಪದಲ್ಲಿ ದೋಣಿಮನೆಯ ಬಾಗಿಲಿಗೂ ಹಾಲಿನ ಕ್ಯಾನಿಗೂ ‘ಬೇಡ’ ಎಂಬ ಚೀಟಿ ಅಂಟಿಸಿದ್ದಾರೆ. ನಮ್ಮ ಮನೆಯ ಮೇಜಿನ ಮೇಲಿರುವ ಆ ಮರದ ತುಂಡಿಗೆ ಮಾತ್ರ ಬೇಡ ಎನ್ನಲು ಬರುವುದಿಲ್ಲ. ಅಂಥದ್ದನ್ನು ಕೇಳಿ ಏನು ಪ್ರಯೋಜನ?

ಆಮೇಲೆ ಶುರುವಾಯಿತು ಚಿಕಿತ್ಸೆ. ನೀನು ರಜೆಗೆ ಬರುವಷ್ಟರಲ್ಲಿ ಅವಳ ಮೈ ಸಿದ್ಧವಾಗಿರಬೇಕಂತೆ. ತೋರುನ್‌ಳ ಹಾಸಿಗೆಯ ಕೆಳಗೆ ಬರ್ಚ್ ರೆಂಬೆ. ಹೊಕ್ಕುಳ ಮೇಲೆ ಆ ಬಿಲ್ಲೆಯನ್ನು ಒಂಬತ್ತು ರಾತ್ರಿ ಕಟ್ಟಿಕೊಂಡು ಮಲಗಬೇಕು. ಬೆಳಗ್ಗೆ ಎದ್ದರೆ ನಿನ್ನಮ್ಮ ಕಾಫಿ ಲೋಟಕ್ಕಿಂತ ಮೊದಲು ಅವಳ ಹೊಟ್ಟೆ ನೋಡುವಳು. ಆ ಹುಡುಗಿ ಒಂದು ಮಾತು ಎದುರಾಡಲಿಲ್ಲ. ಶಾಲೆಯಲ್ಲಿ ಮೂವತ್ತು ಮಕ್ಕಳನ್ನು ಗದರಿಸಿ ಕೂರಿಸುವವಳು ಇಲ್ಲಿ ಯಾಕೆ ಹೀಗೆ ತಲೆ ತಗ್ಗಿಸುತ್ತಾಳೆ ಎಂದು ನನಗೇ ಸಿಟ್ಟು ಬರುತ್ತಿತ್ತು. ಕಳೆದ ತಿಂಗಳು ನೀನು ಆಂಟ್ವರ್ಪ್‌ನಿಂದ ಫೋನ್ ಮಾಡಿದಾಗ ನಿನ್ನಮ್ಮ ನಿನಗೂ ಇದನ್ನೇ ಕೇಳಿದಳು. ನೀನು ನಕ್ಕು, ‘ನಿನ್ನ ರೂನ್ ಏನನ್ನುತ್ತೆ ನೋಡಮ್ಮ, ಅದು ಹೇಳಿದ ಹಾಗೇ ಆಗ್ಲಿ’ ಎಂದೆಯಂತೆ. ಫೋನಿಟ್ಟು ಅವಳು ಹಿಗ್ಗಿ ಹೀರೇಕಾಯಿಯಾದಳು, ‘ಮಗನೂ ಒಪ್ಪಿದ’ ಎಂದು ಎರಡು ಸಲ ಹೇಳಿದಳು. ತೋರುನ್ ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟು ಹೊರಗೆ ಹೋದಳು. ಆಗ ನನಗೆ ಅರ್ಥವಾಗಲಿಲ್ಲ.

ಇವತ್ತು ಮಧ್ಯಾಹ್ನ ರೂನ್ ಕೂಟ ನಮ್ಮ ಮನೆಯಲ್ಲಿತ್ತು. ಕೂಟವೆಂದರೆ ನಿನ್ನಮ್ಮ ಮತ್ತು ದೋಣಿಕಟ್ಟೆಯ ಹತ್ತಿರ ಉಣ್ಣೆ ಮಾರುವ ಓಸ್ಲೌಗ್, ಅಷ್ಟೇ. ಮೇಜಿನ ಮೇಲೆ ಕರವಸ್ತ್ರದಷ್ಟು ಬಿಳಿ ಬಟ್ಟೆ, ಪಕ್ಕದಲ್ಲಿ ಏಲಕ್ಕಿ ಬನ್ನು, ಕಾಫಿ. ತೋರುನ್‌ಳನ್ನು ನಡುವೆ ಕೂರಿಸಿದ್ದರು. ನಾನು ಪಡಸಾಲೆಯಲ್ಲಿ ಬೂಟು ಬಿಚ್ಚುತ್ತಿದ್ದೆ, ಎಲ್ಲ ಕೇಳಿಸಿತು. ಮತ್ತೆ ಇಂಗ್ ಬಂತು. ಓಸ್ಲೌಗ್ ಅದನ್ನು ಕಣ್ಣಿನ ಹತ್ತಿರ ಹಿಡಿದು ಹೇಳಿದಳು: ‘ಬೀಜ ಸರಿಯಾಗೇ ಇದೆ ಬೋರ್ಗಿಲ್ಡ್. ನೆಲ ಬೀಗ ಹಾಕ್ಕೊಂಡು ಕೂತಿದೆ.’ ನಿನ್ನಮ್ಮ ಸೊಸೆಯ ಕಡೆ ತಿರುಗಿದಳು: ‘ಕೇಳಿದ್ಯಾ? ನಮ್ಮ ಯೋಸ್ತೈನ್‌ದೇನೂ ತಪ್ಪಿಲ್ಲ. ನಿನ್ನ ಮನಸ್ಸಲ್ಲೇ ಏನೋ ಬಿಗೀತಾ ಇದೆ, ಬಿಟ್ಟುಬಿಡು.’ ಅದಕ್ಕೆ ಪರಿಹಾರವನ್ನೂ ಓಸ್ಲೌಗ್ ತಂದಿದ್ದಳು. ಹೊಸ ತುಂಡು ಕೆತ್ತಬೇಕು, ಆದರೆ ಈ ಗುರುತಿಗೆ ಬೆರಳಿನ ರಕ್ತ ಸಾಲದು. ಬರೆಯಲು ನನ್ನ ಕೈ ಏಳುವುದಿಲ್ಲ. ಹುಡುಗಿಯ ತಿಂಗಳಿನದ್ದೇ ಬೇಕಂತೆ. ನಿನ್ನಮ್ಮ, ಹಾಲಿನ ಜಗ್ಗನ್ನು ಎಲ್ಲರ ಮುಂದೆ ಇಟ್ಟ ಹಾಗೆ, ‘ಇವತ್ತು ಬೆಳಗ್ಗೇನೇ ಆಗಿದೆ, ಒಳ್ಳೇ ದಿನ’ ಎಂದಳು.

ಕೇಳು, ಯೋಸ್ತೈನ್. ನಲವತ್ತು ವರ್ಷ ಕುರಿ ಹೆರಿಗೆ ಮಾಡಿಸಿದವನು ನಾನು, ರಕ್ತಕ್ಕೆ ಅಂಜುವವನಲ್ಲ. ಪ್ರತಿ ತಿಂಗಳೂ ಆ ಹುಡುಗಿಗೆ ಬರುವ ಸಂಕಟವನ್ನೇ ಬಟ್ಟಲಲ್ಲಿ ಹಿಡಿದು ಕೊಡು ಎಂದು ಬನ್ನು ತಿನ್ನುತ್ತ ಕೇಳಿದರಲ್ಲ, ಅದಕ್ಕೆ ಹೇಸಿದೆ. ಒಳಗೆ ನುಗ್ಗಿ, ‘ಕಾಫಿ ಆಯ್ತು ಓಸ್ಲೌಗ್, ಕೋಟು ಹಾಕ್ಕೊ’ ಎಂದೆ. ‘ಏನ್ರೀ ನಿಮ್ದು, ಹೆಂಗಸರ ಮಾತಲ್ಲಿ!’ ಎಂದು ನಿನ್ನಮ್ಮ ಎದ್ದಳು. ಅಷ್ಟರಲ್ಲಿ ತೋರುನ್ ಹಿಂಬಾಗಿಲಿಂದ ಹೊರಟುಹೋಗಿದ್ದಳು.

ಕೊಟ್ಟಿಗೆಯಲ್ಲಿ ಮೇವಿನ ಮೂಟೆಯ ಮೇಲೆ ಕೂತಿದ್ದಳು. ನಾನೂ ಪಕ್ಕದಲ್ಲಿ ಕೂತೆ. ಏನು ಹೇಳುವುದೆಂದು ತಿಳಿಯದೆ ಟಗರುಗಳ ಗೊರಸಿನ ವಿಚಾರ ಹೇಳತೊಡಗಿದೆ. ಅದರ ನಡುವೆ ಅವಳು ಕೇಳಿದಳು: ‘ಮಾವ, ಕುರಿ ಗಬ್ಬ ಕಟ್ಟದೇ ಇದ್ರೆ ನೀವು ಮೊದಲು ಯಾರನ್ನ ನೋಡ್ತೀರಿ?’ ‘ಟಗರನ್ನೇ ನೋಡ್ತೀನಿ, ಅದಕ್ಕೇನು ಪರೀಕ್ಷೆ ಬೇಕಾ’ ಎಂದೆ. ಎಂದ ಮೇಲೆ ಹೊಳೆಯಿತು. ಅವಳ ಮುಖ ನೋಡಿದೆ. ಆಗ ಅವಳು ಎಲ್ಲ ಹೇಳಿದಳು. ಏಪ್ರಿಲ್‌ನಲ್ಲಿ ನೀವಿಬ್ಬರೂ ‘ಪರದೆ ಬಟ್ಟೆ ತರೋದಕ್ಕೆ’ ಎಂದು ಬರ್ಗೆನ್‌ಗೆ ಹೋದದ್ದು ಆಸ್ಪತ್ರೆಗೆ ಎಂದು. ಅವಳಲ್ಲಿ ಏನೂ ಕೊರತೆ ಇಲ್ಲ, ನಿನ್ನಲ್ಲಿ ಬೀಜವೇ ಇಲ್ಲ ಎಂದು ಡಾಕ್ಟರು ನಿಮ್ಮಿಬ್ಬರನ್ನೂ ಕೂರಿಸಿ ಹೇಳಿದರೆಂದು. ವಾಪಸು ಬರುವ ದೋಣಿಯಲ್ಲಿ ನೀನು ಅವಳ ಕೈ ಹಿಡಿದು, ‘ಅಮ್ಮನಿಗೆ ಮಾತ್ರ ಗೊತ್ತಾಗ್ಬಾರ್ದು’ ಎಂದು ಮಾತು ತೆಗೆದುಕೊಂಡೆ ಎಂದು. ಅವಳು ಉಳಿಸಿಕೊಂಡಳು ಕಣೋ ಆ ಮಾತನ್ನು. ಹೊಟ್ಟೆಯ ಮೇಲೆ ಕಟ್ಟಿಗೆ ಕಟ್ಟಿದರೂ ಉಳಿಸಿಕೊಂಡಳು.

ಈಗ ನಿನಗೆ ಹೇಳುತ್ತೇನೆ. ಬೀಜ ಇಲ್ಲದ್ದು ನಾಚಿಕೆಯ ವಿಷಯವಲ್ಲ. ನನ್ನ ಮಗ ನೀನು, ಅದನ್ನು ಕೇಳಿ ನನಗೆ ನಿನ್ನ ಮೇಲೆ ಕನಿಕರ ಬಂತು, ಎದೆ ನೊಂದಿತು. ಮೊದಲೇ ಹೇಳಿದ್ದರೆ ಇಬ್ಬರೂ ಕೂತು ಒಂದು ಬಾಟಲಿ ಖಾಲಿ ಮಾಡಿ ಬೆಳಗ್ಗೆ ಎದ್ದು ಬೇಲಿ ಸರಿಮಾಡುತ್ತಿದ್ದೆವು. ನಾಚಿಕೆಯ ವಿಷಯ ಆಂಟ್ವರ್ಪ್‌ನ ಆ ಫೋನು. ಎಲ್ಲ ಗೊತ್ತಿದ್ದೂ ನಕ್ಕೆಯಲ್ಲ! ನಿನ್ನಮ್ಮನ ಕೈಗೆ ನೀನೇ ಆ ಚೀಲ ಕೊಟ್ಟು, ಹೆಂಡತಿಯ ತಲೆಯ ಮೇಲೆ ಗೂಬೆ ಕೂರಿಸಿ, ಸಮುದ್ರದ ಮೇಲೆ ಹಾಯಾಗಿ ಕೂತೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಬ್ರೆಡ್ಡಿನ ಮಣೆಯ ರಕ್ತಕ್ಕೂ ಓಸ್ಲೌಗ್‌ಳ ಬಾಯಿಗೂ ನನಗೆ ಬಂದ ಹೇಸಿಗೆ ಏನೂ ಅಲ್ಲ, ನಿನ್ನ ಆ ನಗುವನ್ನು ನೆನೆದರೆ ಬರುವುದೇ ನಿಜವಾದ ಹೇಸಿಗೆ. ಇಷ್ಟು ದಿನ ನಿನ್ನಮ್ಮನಿಗೆ ಬೈಯುತ್ತಿದ್ದೆ. ಅವಳು ಕುರುಡಿ, ನೀನು ಕಣ್ಣಿದ್ದವನು. ಆ ಗುರುತನ್ನು ನಾನು ಓದಬೇಕೆಂದರೆ ಓದುತ್ತೇನೆ ಕೇಳು: ಸುತ್ತ ಗೋಡೆ, ಒಳಗೆ ಏನೋ ಮುಚ್ಚಿಟ್ಟಿದೆ ಎಂದು ಅದು ತಿಂಗಳುಗಟ್ಟಲೆ ಹೇಳಿತು. ಅವರು ಸೊಸೆಯ ಹೊಟ್ಟೆಯಲ್ಲಿ ಹುಡುಕಿದರು, ಇದ್ದದ್ದು ಮಗನ ಬಾಯಲ್ಲಿ.

ನಿನ್ನಮ್ಮನ ಮೇಲೆ ಸಿಟ್ಟಿದೆ, ಆದರೆ ಅವಳನ್ನು ರಾಕ್ಷಸಿ ಮಾಡಬೇಡ. ಮೊಮ್ಮಗುವಿಗೆಂದು ಹೆಣೆದ ಕಾಲುಚೀಲಗಳನ್ನು ದಿಂಬಿನ ಚೀಲದಲ್ಲಿ ಅಡಗಿಸಿಟ್ಟಿದ್ದಾಳೆ, ನನಗೆ ಗೊತ್ತಿಲ್ಲವೆಂದು ತಿಳಿದಿದ್ದಾಳೆ. ನಿಜ ತಿಳಿದರೆ ಅತ್ತಾಳು, ಒಂದು ವಾರ ಮಾತು ಬಿಟ್ಟಾಳು, ಆಮೇಲೆ ತೋರುನ್‌ಳ ಮುಂದೆ ಹೇಗೆ ನಿಲ್ಲುವುದೆಂದು ತಿಳಿಯದೆ ಬನ್ನು ಬೇಯಿಸಿ ತಂದಿಟ್ಟಾಳು. ನಾನೇ ಹೇಳಿಬಿಡೋಣವೆಂದರೆ ತೋರುನ್ ನನ್ನಿಂದಲೂ ಮಾತು ತೆಗೆದುಕೊಂಡಿದ್ದಾಳೆ. ನಿನಗೆ ಬರೆಯಬೇಡ ಎಂದು ಮಾತ್ರ ಹೇಳಲಿಲ್ಲ. ನಾನು ಹೇಳಿದರೆ ಅದು ಚಾಡಿ. ನೀನು ಹೇಳಿದರೆ ಸತ್ಯ. ಈಗ ಮೇಲಿನ ಕೋಣೆಯಲ್ಲಿ ದೀಪ ಉರಿಯುತ್ತಿದೆ, ಕೆಳಗೆ ನಿನ್ನಮ್ಮ ಮುಖ ಊದಿಸಿಕೊಂಡು ರೇಡಿಯೋ ಕೇಳುತ್ತಿದ್ದಾಳೆ, ನಾನು ನಡುವೆ ಮೆಟ್ಟಿಲ ಪಕ್ಕದ ಮೇಜಿನಲ್ಲಿ ಇದನ್ನು ಬರೆಯುತ್ತಿದ್ದೇನೆ.

ಗುಳ್ಳೆಗೆ ಮುಲಾಮು ಹಚ್ಚು. ಉಪ್ಪುನೀರಲ್ಲಿ ತೊಳೆಯಬೇಡ. ಎಷ್ಟು ಬೈದರೂ ನೀನು ನನ್ನ ಮಗನೇ. ಸಮುದ್ರ ನಿನ್ನನ್ನು ಸುರಕ್ಷಿತವಾಗಿ ದಡಕ್ಕೆ ತರಲಿ, ಮನುಷ್ಯನನ್ನಾಗಿ ತರಲಿ.

ನಿನ್ನ ಅಪ್ಪ,
ಒಡ್ಲೇವ್

ತಾ.ಕ.: ಲಕೋಟೆ ಅಂಟಿಸಿದವನು ಮತ್ತೆ ಹರಿದೆ. ತೋರುನ್ ಈಗ ಕೆಳಗೆ ಬಂದು ಹೇಳಿದಳು, ಇಪ್ಪತ್ತೊಂಬತ್ತನೇ ತಾರೀಖು ಶನಿವಾರ ಬೆಳಗಿನ ದೋಣಿಗೆ ಬರ್ಗೆನ್‌ನ ಅಕ್ಕನ ಮನೆಗೆ ಹೊರಡುತ್ತಾಳಂತೆ. ತಿರುಗಿ ಬರುವ ಮಾತು ಆಡಲಿಲ್ಲ. ನಿನ್ನ ಹಡಗು ಅದಕ್ಕೆ ಮೊದಲಿನ ಸೋಮವಾರ ರಾಟರ್‌ಡ್ಯಾಮ್‌ನಲ್ಲಿ ನಿಲ್ಲುತ್ತದೆ, ಕಾಗದ ಅಲ್ಲಿ ಸಿಗುತ್ತದೆ. ಸಿಕ್ಕ ಕೂಡಲೇ ಫೋನ್ ಮಾಡು. ನನಗಲ್ಲ, ತೋರುನ್‌ಗೂ ಅಲ್ಲ, ನಿನ್ನಮ್ಮನಿಗೆ. ಮಾಡದಿದ್ದರೆ ನಿನ್ನ ಹೆಂಡತಿಯನ್ನು ದೋಣಿಕಟ್ಟೆಗೆ ಬಿಟ್ಟು ಬರುವವನು ನಾನೇ. ಅವಳಾಗಿ ಕೇಳಲಿಲ್ಲ. ನಾನೇ ಹೇಳಿದ್ದೇನೆ: ‘ನನ್ನ ಮಗ ಹೊರಬೇಕಾದ್ದನ್ನ ಇಷ್ಟು ದಿನ ನೀನು ಹೊತ್ತೆ. ಪೆಟ್ಟಿಗೆನಾದ್ರೂ ನಾನು ಹೊರ್ತೀನಿ, ಮಗಳೇ.’