ಅಪ್ಪನ ಎರಡು ಚಮಚ ಊಟ

ಅಕ್ಕ,

ಅಪ್ಪ ಪಕ್ಕದಲ್ಲೇ ಇದ್ದಾರೆ, ಫೋನಲ್ಲಿ ಮಾತಾಡೋ ಹಾಗಿಲ್ಲ. ಅದಕ್ಕೇ ಈ ಕಾರ್ಡು. ಗಂಟಲ ಗಡ್ಡೆಯಿಂದ ಅವರಿಗೀಗ ತೆಳ್ಳನೆ ಗಂಜಿ ಬಿಟ್ಟು ಬೇರೇನೂ ಇಳಿಯಲ್ಲ. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಆ ಗಂಜಿಯನ್ನೇ ಚೆಲ್ಲಿಸಿಬಿಟ್ಟರು. ಒಳಗೆ ಹನ್ನೊಂದು ಅಂಗಡಿ ಅಲೆದೆ. ಎಲ್ಲ ಕಡೆ ಒಣ ಬ್ರೆಡ್ಡು, ಕರಿದ ತಿಂಡಿ. ಕೊನೆಗೆ ಕಾಫಿ ಅಂಗಡಿಯಾಕೆ ಬಿಸಿ ಹಾಲಲ್ಲಿ ಬಿಸ್ಕತ್ತು ಕಿವುಚಿ, ಸೋಸಿ ಕೊಟ್ಟಳು, ಪುಣ್ಯಾತ್ಗಿತ್ತಿ. ಅಪ್ಪ ಎರಡು ಚಮಚ ಕುಡಿದು, "ಹೊಟ್ಟೆ ತುಂಬ್ತು, ಮಿಕ್ಕಿದ್ದು ನೀನು ಕುಡಿ" ಅಂದರು. ಅವರೆದುರೇ ಕುಡಿದೆ.

ಇನ್ನೂ ಆರು ಗಂಟೆ ಪ್ರಯಾಣ. ಆ ಊರಿನ ಆಸ್ಪತ್ರೆಯ ದೊಡ್ಡ ಡಾಕ್ಟರೂ ಕೈಚೆಲ್ಲಿದರೆ ಮುಂದೇನು ಅಂತ ನನಗೆ ತೋಚ್ತಿಲ್ಲ. ನಾನಂತೂ ಆರೋಗ್ಯವಾಗಿದ್ದೀನಿ, ನನ್ನ ಚಿಂತೆ ಬೇಡ. ಹತ್ತೋಕೆ ಕರೀತಿದ್ದಾರೆ. "ನಾನು ಚೆನ್ನಾಗಿ ಊಟ ಮಾಡಿದೆ ಅಂತ ಬರಿ" ಅಂತಿದ್ದಾರೆ ಅಪ್ಪ. ಅಮ್ಮನಿಗೆ ಅಷ್ಟನ್ನೇ ಓದಿ ಹೇಳು.

ನಿನ್ನ ತಮ್ಮ