ಬೇರೆ ತಟ್ಟೆ

ಅತ್ತೆ,

ನೀವು ಸತ್ತು ನಾಲ್ಕು ವರ್ಷವಾಯಿತು, ಇದನ್ನು ಓದುವ ಕಷ್ಟ ನಿಮಗಿಲ್ಲ. ನನಗೆ ಕ್ಷಯ ಬಂದಾಗ ಮೊದಲು ತಟ್ಟೆ ಬೇರೆ ಇಟ್ಟಿರಿ, ಆಮೇಲೆ ನನ್ನನ್ನೇ ತವರಿಗೆ ಅಟ್ಟಿದಿರಿ. ನಿಮ್ಮ ಮಗ ತುಟಿಪಿಟಕ್ಕೆನ್ನದೆ ಇನ್ನೊಂದು ಮದುವೆಯಾದ.

ಆಸ್ಪತ್ರೆಯಲ್ಲಿ ರೋಗಿಗಳ ಉಸಿರು ಅಳೆಯುವುದು ಈಗ ನನ್ನ ಕೆಲಸ. ಇವತ್ತು ಅದೇ ಕಾಯಿಲೆಯ ಔಷಧಿ ಮುಗಿಸಿ ನಿಮ್ಮ ಮಗ ಬಂದಿದ್ದ. ನಾನು ಮಾಸ್ಕ್ ಹಾಕಿದ್ದೆ, ಅವನಿಗೆ ಗುರುತು ಸಿಗಲಿಲ್ಲ. ರಕ್ತದ ರಿಪೋರ್ಟಿನಲ್ಲಿ ಉರಿಯೂತ ಪೂರ್ತಿ ಇಳಿದಿತ್ತು, ಕಾಯಿಲೆ ವಾಸಿಯಾಗಿತ್ತು. ಉಸಿರು ಅಳೆಯುವ ಯಂತ್ರಕ್ಕೆ ಮೂರು ಸಲ ಊದಿದ್ದರೆ ಸಾಕಿತ್ತು. ಎಂಟು ಸಲ ಊದಿಸಿದೆ.

ಏದುಸಿರು ಬಿಡುತ್ತಾ ಕೇಳಿದ: "ಮೇಡಂ, ನನ್ನ ಮಗಳಿಗೆ ನನ್ನ ತಟ್ಟೇಲೇ ಊಟ ಆಗ್ಬೇಕು. ಇನ್ನು ಪರವಾಗಿಲ್ವಾ?"

ತಟ್ಟೆಯಿಂದ ಕ್ಷಯ ಹರಡುವುದಿಲ್ಲವೆಂದು ದಿನಾ ಹತ್ತು ಜನರಿಗೆ ಹೇಳುವವಳು ನಾನು.

"ಬೇರೆ ತಟ್ಟೆ ಇಡಿ," ಎಂದೆ.

"ಎಷ್ಟು ದಿನ?"

ನೀವು ಅಂದು ನನಗೆ ಹೇಳಿದ್ದೇ ಬಾಯಿಗೆ ಬಂತು.

"ಬದುಕಿರೋ ತನಕ."