ಚಿಂದಿ ಜಮಖಾನದ ನೀಲಿ ಪಟ್ಟಿ

ಅಮ್ಮಾ,

ಊರು ತಲುಪಿದ ಮೇಲೆ ನೀನು ಫೋನ್ ಎತ್ತುತ್ತಿಲ್ಲ. ಎತ್ತಿದರೂ ನನ್ನ ಬಾಯಿಂದ ಏನು ಬರುತ್ತಿತ್ತೋ ಗೊತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

‘ನಾನು ಯಾರು’ ಎಂಬುದು ಈ ವರ್ಷ ಕಲಾಶಾಲೆಯಲ್ಲಿ ನಮಗೆ ಕೊಟ್ಟ ಕೆಲಸ. ಗ್ಯಾಲರಿಗಳನ್ನು ಸುತ್ತಿ ಬನ್ನಿ, ಏನಾದರೂ ಹೊಳೆಯುತ್ತದೆ ಎಂದರು ಮೇಷ್ಟ್ರು. ಕಾಸಾಬ್ಲಾಂಕಾದ ಆರು ಗ್ಯಾಲರಿ ಸುತ್ತಿದೆ. ಗೋಡೆ ತುಂಬ ಕುದುರೆಗಳು, ಕಮಾನುಗಳು; ನಮ್ಮಂಥವರು ಒಬ್ಬರೂ ಇರಲಿಲ್ಲ. ಏಳನೆಯದರಲ್ಲಿ ನಿನ್ನ ಚಿಂದಿ ಜಮಖಾನ ತೂಗುತ್ತಿತ್ತು. ಪಕ್ಕದಲ್ಲಿ ಒಂದು ಚೀಟಿ: ‘ನೇಯ್ದವರು ತಿಳಿದಿಲ್ಲ.’

ನಡುವಿನ ನೀಲಿ ಪಟ್ಟಿಯಲ್ಲಿ ಹಸಿರು ಹೊಲಿಗೆಯಿತ್ತು. ಅಪ್ಪ ಫಾಸ್ಫೇಟ್ ಗಣಿಗೆ ಹಾಕಿಕೊಂಡು ಹೋಗುತ್ತಿದ್ದ ನೀಲಿ ಅಂಗಿಯ ಜೇಬಿಗೆ ಆ ಸೊಟ್ಟ ಹೊಲಿಗೆ ಹಾಕಿದವಳು ಒಂಬತ್ತು ವರ್ಷದ ನಾನು. ಸತ್ತವರ ಬಟ್ಟೆ ಮನೆಯಲ್ಲಿ ಉಳಿಯಬಾರದು, ಬಡವರಿಗೆ ಹೋಗಬೇಕು ಎಂಬುದು ಆ ಹೊತ್ತು ತಲೆಗೇ ಬರಲಿಲ್ಲ. ತಲೆಯಲ್ಲಿದ್ದದ್ದು ಕಲಾಶಾಲೆಯಲ್ಲಿ ನಾವು ಹಂಚುತ್ತಿದ್ದ ಕರಪತ್ರದ ಒಂದು ಸಾಲು: ದುಡಿದ ಕೈಯ ಹೆಸರು ಅಳಿಸುವುದೂ ಕಳವೇ.

ನೇಯ್ದಾಕೆ ಬಂದು ತನ್ನದೆಂದು ಹೇಳಿದರೆ ಚೀಟಿ ಬದಲಿಸುತ್ತೇನೆ ಎಂದ ಗ್ಯಾಲರಿಯ ಯಜಮಾನ. ಯಾಕೆಂದು ಹೇಳದೆ ನಿನ್ನನ್ನು ಕರೆಸಿದೆ. ಒಬ್ಬಳೇ ಬರಬೇಡ, ಬತೂಲ್ ಅತ್ತೆಯನ್ನೂ ಕರೆದುಕೊಂಡು ಬಾ ಎಂದವಳೂ ನಾನೇ.

ಗೋಡೆ ನೋಡಿ ಅತ್ತೆ ನಕ್ಕರು. “ನಮ್ಮ ಕಡೆ ಇದನ್ನ ಕತ್ತೆ ಬೆನ್ನಿಗೆ ಹಾಕ್ತೀವಿ. ಇವ್ರು ಲೈಟ್ ಬಿಟ್ಟು ಮೆರೆಸ್ತಿದ್ದಾರಲ್ಲೇ.”

“ಇದು ನಿಂದೇ ಅಲ್ವಾ ಅಮ್ಮ? ಹೇಳು,” ಎಂದೆ.

ನೀನು ಹತ್ತಿರ ಹೋಗಿ ಆ ನೀಲಿ ಪಟ್ಟಿಯ ಮೇಲೆ ಬೆರಳಿಟ್ಟೆ. ಅತ್ತೆಯ ಕಡೆ ಒಮ್ಮೆ ನೋಡಿದೆ. “ನಂದಲ್ಲ ಮಗಳೇ. ಇಂಥದ್ದು ನಾನು ನೇಯ್ದೇ ಇಲ್ಲ.”

ನಾನೇ ಕರೆತಂದಿದ್ದ ಸಹಪಾಠಿಗಳೆಲ್ಲ ನಿಂತಿದ್ದರು. “ನಿನ್ನಂಥ ಹೇಡಿಗಳಿಂದಲೇ ನಮಗೆ ಹೆಸರಿಲ್ಲ,” ಎಂದೆ. ನೀನು ತಲೆವಸ್ತ್ರ ಸರಿಮಾಡಿಕೊಂಡೆ, ಅಷ್ಟೇ.

ಬಸ್ ನಿಲ್ದಾಣದಲ್ಲಿ ಅತ್ತೆ ನನ್ನ ಕೆನ್ನೆ ಹಿಂಡಿದರು. “ನಿಮ್ಮಮ್ಮನ್ನ ಹಾಗನ್ಬೇಡ ಕಣೇ. ನನ್ನ ತಮ್ಮ ಹೋದಾಗ ಅವನ ಬಟ್ಟೆ ಒಂದೂ ಇಟ್ಕೊಳ್ಲಿಲ್ಲ ಇವಳು. ಗಂಟು ಹೊತ್ತು ಕೊಟ್ಟು ಬಂದೋಳು ನಾನು. ಅದರ ಪುಣ್ಯ ಅವನಿಗೇ ಮುಟ್ಟಿದೆ.” ನೀನು ಬಸ್ಸಿನ ಕಡೆ ತಿರುಗಿದೆ. ಆಗ ತಿಳಿಯಿತು ನನಗೆ.

ನೀನು ಒಂದು ಅಂಗಿ ಬಚ್ಚಿಟ್ಟಿದ್ದೆ. ಗುರುತು ಸಿಗದಂತೆ ಕತ್ತರಿಸಿ ನೇಯ್ದು, ಅದರ ಮೇಲೆ ಮಲಗಿದೆ. ನನಗೆ ಕಲಾಶಾಲೆಯಲ್ಲಿ ಸೀಟು ಸಿಕ್ಕ ವಾರ ಅದನ್ನೂ ಬೂಜಾದ್ ಸಂತೆಗೆ ಹೊತ್ತೊಯ್ದೆ. ಉಳಿದಿದ್ದಷ್ಟು ಅಪ್ಪನನ್ನು ನನಗಾಗಿ ಮಾರಿದೆ. ಅವನನ್ನು ‘ನಂದಲ್ಲ’ ಎಂದು ನಿನ್ನ ಬಾಯಿಂದಲೇ ಹೇಳಿಸಿದವಳು ನಾನು.

ಗುರುವಾರ ಅದು ಮಾರಾಟವಾಯಿತು. ಯಾವ ದೇಶಕ್ಕೆ ಎಂದು ಯಜಮಾನ ಹೇಳಲಿಲ್ಲ, ಗೋಡೆಯ ಆ ಚೀಟಿ ಮಾತ್ರ ಕೊಟ್ಟ. ಬಿಳಿ ಹಾಳೆಗೆ ಅದೊಂದನ್ನೇ ಅಂಟಿಸಿ, ‘ನಾನು ಯಾರು’ ಕೆಲಸವೆಂದು ಒಪ್ಪಿಸಿದೆ. ಮೇಷ್ಟ್ರು ತರಗತಿಗೆಲ್ಲ ಎತ್ತಿ ತೋರಿಸಿ, “ನೋಡ್ರಪ್ಪ, ಆಳ ಅಂದ್ರೆ ಇದು,” ಎಂದರು. ಇನ್ನೆಂದೂ ಆ ಹಾಳೆಯನ್ನು ನೋಡಲಾರೆ.

ನಿನಗೆ ಓದು ಬಾರದು. ಮನೆಯಲ್ಲಿ ಕಾಗದ ಓದಿ ಹೇಳುವವರು ಬತೂಲ್ ಅತ್ತೆ ಒಬ್ಬರೇ.

ನಿನ್ನ ಮಗ್ಗದ ಎಳೆ ಹರಿಯದಿರಲಿ, ಅಮ್ಮ. ಅಪ್ಪನಿಗೆ ಸಲ್ಲಬೇಕಾದ ಪುಣ್ಯವೆಲ್ಲ ಸಂದಿರಲಿ.

ಇದನ್ನು ಅಂಚೆಗೆ ಹಾಕಲಾರದ,
ನಿನ್ನ ತಾಮೂ